ಮನೆಗೆ ಬರುವ ಅಟೆಂಡರ್ ಕೆಲಸ ಹೇಗಿದೆ ಅಂತ ತಿಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಯಿತು. ಮಾತೂ ಅರ್ಧ ಹೋಯಿತು. ಆಮೇಲೆ ನಾಲ್ಕು ವರ್ಷ ಮೈಸೂರಿನ ನಮ್ಮ ಮನೆಯಲ್ಲೇ ನೋಡಿಕೊಂಡೆವು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಹಾಗಾಗಿ ಅಮ್ಮನ ಸ್ನಾನ, ಊಟ ನೋಡಿಕೊಳ್ಳಲು ಅಟೆಂಡರ್ ಬೇಕೇ ಬೇಕಿತ್ತು. ಮೂರು ಏಜೆನ್ಸಿಗಳಿಂದ ಒಂಬತ್ತು ಜನ ಬಂದು ಹೋದರು. ಅವರಲ್ಲಿ ಇಬ್ಬರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಒಬ್ಬರನ್ನು ಕಳಿಸಿದ ದಿನ ನಾನು ಅತ್ತಿದ್ದೆ, ಇಷ್ಟು ದಿನ ಯಾಕೆ ಕಣ್ಣುಬಿಟ್ಟು ನೋಡಲಿಲ್ಲ ಅಂತ. ಈಗ ನೆಂಟರು, ಆಫೀಸಿನವರು, ಅವರ ಸ್ನೇಹಿತರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಎಲ್ಲರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ಮೊದಲು ಯಾವುದರಿಂದ ಗೊತ್ತಾಗುತ್ತದೆ?

ಮೈಯಿಂದ. ಯೂನಿಫಾರ್ಮ್, ನಯವಾದ ಮಾತು, ಏಜೆನ್ಸಿಯ ಆ್ಯಪ್ ಎಲ್ಲ ಆಮೇಲೆ. ವಾರಕ್ಕೊಂದು ಸಲ ನೀವೇ ಮೈ ಒರೆಸಿ, ಬಟ್ಟೆ ಬದಲಾಯಿಸಿ. ಅಟೆಂಡರ್ ಪಕ್ಕದಲ್ಲೇ ಇರಲಿ, ಕೆಲಸ ಮಾತ್ರ ನಿಮ್ಮ ಕೈಯಲ್ಲಿ ಆಗಲಿ. ಕಿವಿಯ ಹಿಂದೆ ನೋಡಿ. ಬಾಯಿ ತೆರೆಸಿ ನಾಲಿಗೆ ಮೇಲೆ ಬಿಳಿ ಪದರ ಕಟ್ಟಿದೆಯಾ ನೋಡಿ. ಹಲ್ಲುಸೆಟ್ಟು ಇದ್ದರೆ ತೆಗೆದು ನೋಡಿ. ಎದೆಯ ಕೆಳಗಿನ ಮಡಿಕೆ, ತೊಡೆಸಂದಿ, ಕಾಲ್ಬೆರಳ ಸಂದಿ ಇಲ್ಲೆಲ್ಲ ಒದ್ದೆ ನಿಂತು ಕೆಂಪಾಗಿರುತ್ತದೆ.

ಲಕ್ವ ಹೊಡೆದವರಾದರೆ ಮುಚ್ಚಿಕೊಂಡಿರುವ ಮುಷ್ಟಿಯನ್ನು ನಿಧಾನವಾಗಿ ಬಿಡಿಸಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಬೆವರು ಒಳಗೇ ನಿಂತು ವಾಸನೆ ಬರುತ್ತಿರುತ್ತದೆ, ಉಗುರು ಅಂಗೈಗೆ ಒತ್ತಿ ಗಾಯ ಆಗಿರುತ್ತದೆ. ಆ ಮುಷ್ಟಿ ಸ್ವಚ್ಛವಾಗಿದ್ದರೆ, ಉಗುರು ಕತ್ತರಿಸಿದ್ದರೆ, ಅದರಲ್ಲೊಂದು ಮೆತ್ತನೆ ಬಟ್ಟೆ ಸುತ್ತಿಟ್ಟಿದ್ದರೆ ಆ ಅಟೆಂಡರ್ ಕೆಲಸ ಬಲ್ಲವರು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಸಿಗೆ ಹುಣ್ಣು ವಯಸ್ಸಾದವರಿಗೆ ಆಗಿಯೇ ಆಗುತ್ತದೆ ಅಂತಾರೆ. ನಿಜವಾ?

ನಮಗೂ ಏಜೆನ್ಸಿಯವರು ಇದನ್ನೇ ಹೇಳಿದ್ದರು, "ಏಜ್ ಆದ ಮೇಲೆ ಆಗೋದೇ ಮೇಡಂ" ಅಂತ. ಆಗಿಯೇ ಆಗಬೇಕು ಅಂತೇನಿಲ್ಲ. ತುಂಬಾ ಕಾಯಿಲೆಯಾಗಿ ಕೊನೆಗಾಲದಲ್ಲಿ ಇರುವ ಕೆಲವರಿಗೆ ಎಷ್ಟೇ ನೋಡಿಕೊಂಡರೂ ಹುಣ್ಣು ಬರಬಹುದು. ಮಿಕ್ಕವರಲ್ಲಿ ಬಹುಪಾಲು ತಡೆಯಬಹುದಾದದ್ದು.

ನಮ್ಮ ಕಥೆ ಹೇಳುತ್ತೇನೆ. ಅಮ್ಮನಿಗೆ ಚಳಿ ಅಂತ ಯಾವಾಗಲೂ ಸಾಕ್ಸ್ ಹಾಕಿರುತ್ತಿದ್ದರು. ಸಂಕ್ರಾಂತಿಯ ಹಿಂದಿನ ದಿನ ಕಾಲಿಗೆ ಎಣ್ಣೆ ಹಚ್ಚೋಣ ಅಂತ ನಾನೇ ಸಾಕ್ಸ್ ತೆಗೆದೆ. ಎಡ ಹಿಮ್ಮಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ನೇರಳೆ ಬಣ್ಣ, ಮುಟ್ಟಿದರೆ ಮೆತ್ತಗೆ. ಸ್ಪರ್ಶವೇ ಇಲ್ಲದ ಕಾಲು, ಅಮ್ಮ ಹೇಳುವುದಾದರೂ ಹೇಗೆ? ಅದು ಒಡೆದು, ಡ್ರೆಸಿಂಗ್ ಮಾಡಿಸಿ, ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಮೊದಲೇ ಕಾಲಿನ ಮೀನಖಂಡದ ಕೆಳಗೆ ಒಂದು ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದ್ದರೆ ಸಾಕಿತ್ತು.

ಹುಣ್ಣು ಮೂಳೆ ಎದ್ದು ಕಾಣುವ ಕಡೆಗೆ ಬರುತ್ತದೆ. ಸೊಂಟದ ಹಿಂದೆ, ಕುಂಡಿಯ ಮೇಲ್ಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಕೆಂಪಾಗಿರುವ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗಿ ಬಿಟ್ಟ ಮೇಲೆ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಇಲ್ಲ. ಅವರಿಗೆ ಕೈ ಇಟ್ಟು ನೋಡಬೇಕು. ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಬಣ್ಣ ಇನ್ನಷ್ಟು ಕಪ್ಪಾಗಿದೆಯಾ ಅಂತ. ಆ ಜಾಗವನ್ನು ತಿಕ್ಕಿ ಮಸಾಜ್ ಮಾಡಬಾರದು, ಒಳಗಿನ ಪೆಟ್ಟು ಜಾಸ್ತಿ ಆಗುತ್ತದೆ. ನಡುವೆ ತೂತಿರುವ ಟ್ಯೂಬ್ ದಿಂಬನ್ನು ಕೆಳಗೆ ಇಡುವುದೂ ತಪ್ಪು.

ಹಾಸಿಗೆ ಬಿಟ್ಟು ಏಳದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅಂತಾರೆ. ನಿಮ್ಮವರಿಗೆ ಎಷ್ಟು ಅಂತ ಡಾಕ್ಟರನ್ನು ಕೇಳಿ ಗೋಡೆಯ ಮೇಲೆ ಬರೆದು ಹಾಕಿ. ಏರ್ ಬೆಡ್ (ಗಾಳಿ ತುಂಬಿದ ಹಾಸಿಗೆ) ಇದೆ, ಇನ್ನು ತಿರುಗಿಸುವುದು ಬೇಡ ಅನ್ನುವ ಅಟೆಂಡರ್ ಇದ್ದರೆ ಅವತ್ತೇ ಏಜೆನ್ಸಿಗೆ ಫೋನ್ ಮಾಡಿ. ಏರ್ ಬೆಡ್ ಸಹಾಯಕ್ಕೆ ಇರುವುದು, ತಿರುಗಿಸುವ ಕೆಲಸ ತಪ್ಪಿಸುವುದಕ್ಕೆ ಇರುವುದಲ್ಲ.

ಅಟೆಂಡರ್ ಅಂದರೆ ಯಾರು, ನರ್ಸ್ ಅಂದರೆ ಯಾರು?

ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ನರ್ಸ್ ಅಂದರೆ ಓದಿ, ಪಾಸಾಗಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು. ಎಎನ್‌ಎಂ (ಸಹಾಯಕ ನರ್ಸ್) 2 ವರ್ಷದ ಕೋರ್ಸ್, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ನಮ್ಮ ರಾಜ್ಯದಲ್ಲಿ ನೋಂದಣಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ. ನರ್ಸ್ ಅಂತ ಹೇಳಿ ನರ್ಸ್ ದರ ತೆಗೆದುಕೊಂಡರೆ ನೋಂದಣಿ ಸಂಖ್ಯೆ ಕೇಳಿ. ನಾಚಿಕೆ ಪಡಬೇಡಿ.

ಅಟೆಂಡರ್ ಅಥವಾ ಕೇರ್‌ಟೇಕರ್ ಸ್ನಾನ, ಊಟ, ಡೈಪರ್, ಓಡಾಟ ನೋಡಿಕೊಳ್ಳುವವರು. ಕೆಲವರು ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನುವ ಆರೈಕೆ ಸಹಾಯಕರ ತರಬೇತಿ ಪಡೆದಿರುತ್ತಾರೆ, ಕೆಲವರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿತಿರುತ್ತಾರೆ, ಕೆಲವರು ಹೋದ ವಾರ ಊರಿಂದ ಬಂದವರು. ಡ್ರಿಪ್ ಹಾಕುವುದು, ಊಟ ಕೊಡುವ ಮೂಗಿನ ಟ್ಯೂಬ್ ಬದಲಾಯಿಸುವುದು, ಕ್ಯಾಥೆಟರ್ (ಮೂತ್ರ ಹೋಗಲು ಟ್ಯೂಬ್) ಹಾಕುವುದು ಅವರ ಕೆಲಸ ಅಲ್ಲ. "ನಂಗೆ ಬರುತ್ತೆ ಅಕ್ಕಾ, ಮಾಡಿದೀನಿ" ಅಂದರೂ ಬಿಡಬೇಡಿ. ಅವರಿಂದ ಅದನ್ನು ಮಾಡಿಸಿ 300 ರೂಪಾಯಿ ಉಳಿಸಲು ಹೋಗುವವರನ್ನು ನೋಡಿದ್ದೇನೆ. ಟ್ಯೂಬ್ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಬರುತ್ತದೆ.

ಕರೆಸುವ ಮುಂಚೆ ಏಜೆನ್ಸಿಯನ್ನು ಏನು ಕೇಳಬೇಕು?

ಎಲ್ಲರೂ ಕೇಳುವುದು ತಿಂಗಳಿಗೆ ಎಷ್ಟು, ರಜೆ ಹಾಕಿದರೆ ಬದಲಿ ಕೊಡ್ತೀರಾ ಅಂತ. ಅದು ಬೇಕು. ಆದರೆ ನಾನು ಮೊದಲು ಕೇಳುವುದು ಇದು: ನೀವು ಕಳಿಸುವ ಮುಂಚೆ ಪೇಷೆಂಟನ್ನು ನೋಡಲು ಯಾರು ಬರುತ್ತಾರೆ? ಒಳ್ಳೆಯ ಏಜೆನ್ಸಿ ಒಬ್ಬ ನರ್ಸನ್ನು ಮನೆಗೆ ಕಳಿಸಿ, ಮೈ ನೋಡಿ, ಔಷಧಿ ಚೀಟಿ ನೋಡಿ, ಎತ್ತಲು ಒಬ್ಬರು ಸಾಕಾ ಇಬ್ಬರು ಬೇಕಾ ಅಂತ ನೋಡಿ ಆಮೇಲೆ ಜನ ಕಳಿಸುತ್ತದೆ. ಬರೀ ಫೋನಿನಲ್ಲಿ "ಬೆಡ್ ರಿಡನ್ನಾ, ವಾಕಿಂಗಾ?" ಅಂತ ಕೇಳಿ ಸಂಜೆಯೇ ಜನ ಕಳಿಸುವವರು ಜನ ಸಪ್ಲೈ ಮಾಡುತ್ತಿದ್ದಾರೆ, ಅಷ್ಟೇ.

ಆಮೇಲೆ ಕೇಳಿ: ಬಂದ ಮೇಲೆ ಕೆಲಸ ನೋಡಲು ಸೂಪರ್‌ವೈಸರ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ರಾತ್ರಿ 2 ಗಂಟೆಗೆ ಏನಾದರೂ ಆದರೆ ಯಾರು ಫೋನ್ ಎತ್ತುತ್ತಾರೆ? ನಾನು ಕೊಡುವ ಹಣದಲ್ಲಿ ಅಟೆಂಡರ್ ಕೈಗೆ ಎಷ್ಟು ಸೇರುತ್ತದೆ? ಕೊನೆಯ ಪ್ರಶ್ನೆಗೆ ಬಹಳ ಜನ ಉತ್ತರ ಕೊಡುವುದಿಲ್ಲ. ಕೊಟ್ಟವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಪೊಲೀಸ್ ವೆರಿಫಿಕೇಷನ್ ಪತ್ರದ ಪ್ರತಿ ಇಟ್ಟುಕೊಳ್ಳಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಇದಕ್ಕೆ ಅರ್ಜಿ ಹಾಕಬಹುದು.

ಸರ್ಕಾರ ಈ ಏಜೆನ್ಸಿಗಳಿಗೆ ರೇಟಿಂಗ್ ಕೊಡುತ್ತದಾ?

ಇಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಗೆ 2019ರಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಮಂಡಿಸಿದ್ದರು. ಮನೆ ಆರೈಕೆ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ ಅದರಲ್ಲಿತ್ತು. ಅದು ಕಾಯ್ದೆ ಆಗಲೇ ಇಲ್ಲ. ನನಗೆ ಇದು ದೊಡ್ಡ ನೋವು. ಹೋಟೆಲ್ ಇಡಲು ಲೈಸೆನ್ಸ್ ಬೇಕು, ಮಾತಾಡಲಾಗದ ಮನುಷ್ಯರನ್ನು ನೋಡಿಕೊಳ್ಳುವ ಧಂದೆಗೆ ಹೇಳುವವರು ಕೇಳುವವರು ಇಲ್ಲ.

ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಅಂತ ಇದೆ. ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳನ್ನೂ ಅದು ಪರೀಕ್ಷೆ ಮಾಡಿ ನಾಲ್ಕು ದರ್ಜೆಯಲ್ಲಿ ಒಂದನ್ನು ಕೊಡುತ್ತದೆ, ಆ ದರ್ಜೆಯನ್ನು ಸಂಸ್ಥೆ ಎಲ್ಲರಿಗೂ ಕಾಣುವ ಹಾಗೆ ಹಾಕಲೇಬೇಕು. ಅವರು ಕೇಳುವುದು ಐದು ಪ್ರಶ್ನೆ. ಇವರ ಕೈಯಲ್ಲಿ ಮನುಷ್ಯರು ಸುರಕ್ಷಿತವಾಗಿದ್ದಾರಾ? ಮಾಡುವ ಕೆಲಸದಿಂದ ಉಪಯೋಗ ಆಗುತ್ತಿದೆಯಾ? ಅಕ್ಕರೆ, ಮರ್ಯಾದೆ ಇದೆಯಾ? ಆ ವ್ಯಕ್ತಿಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುತ್ತಾರಾ? ಮೇಲಿನವರು ಸರಿಯಾಗಿ ನಡೆಸುತ್ತಿದ್ದಾರಾ? ನಮ್ಮಲ್ಲಿ ಆ ಕಮಿಷನ್ ಇಲ್ಲ, ಆದರೆ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬಹುದು ಅಲ್ವಾ. ತಿಂಗಳ ಕೊನೆಯಲ್ಲಿ ನಾನೂ ನನ್ನ ತಮ್ಮನೂ ಕೂತು ಈ ಐದನ್ನು ಮಾತಾಡಿಕೊಳ್ಳುತ್ತಿದ್ದೆವು.

ನೋಟ್‌ಬುಕ್ ಬರೆಸಬೇಕಾ? ಏನು ಬರೆಸಬೇಕು?

ಬರೆಸಲೇಬೇಕು. ಬರೆಸಿದ್ದನ್ನು ಓದಲೂ ಬೇಕು.

ನಮ್ಮ ಮೂರನೇ ಅಟೆಂಡರ್ ಅಕ್ಷರ ಮುತ್ತು ಪೋಣಿಸಿದ ಹಾಗೆ. ದಿನಕ್ಕೆ ಎರಡು ಸಲ ಬಿಪಿ ಬರೆಯುತ್ತಿದ್ದರು. ಒಂದು ಭಾನುವಾರ ಸುಮ್ನೆ ಪುಟ ತಿರುವಿದೆ. ಹನ್ನೊಂದು ದಿನ, ಬೆಳಿಗ್ಗೆ 120/80, ಸಂಜೆ 120/80. ಯಾರ ಬಿಪಿಯೂ ಹಾಗೆ ನಿಲ್ಲುವುದಿಲ್ಲ. ಹೋಗಿ ಮಷೀನ್ ಒತ್ತಿದೆ, ಆನ್ ಆಗಲಿಲ್ಲ. ಸೆಲ್ ಹೋಗಿ ಎಷ್ಟು ದಿನ ಆಗಿತ್ತೋ. ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿ, "ಹೇಳಿದ್ರೆ ಬೈತೀರ ಅಂದ್ಕೊಂಡೆ ಅಕ್ಕಾ" ಅಂದರು. ಸೆಲ್ ತಂದುಕೊಡಬೇಕಾದವಳು ನಾನು. ಹನ್ನೊಂದು ದಿನ ಪುಸ್ತಕ ನೋಡದವಳೂ ನಾನೇ.

ಬರೆಸಬೇಕಾದ್ದು: ಎಷ್ಟು ಗಂಟೆಗೆ ಯಾವ ಮಗ್ಗುಲಿಗೆ ತಿರುಗಿಸಿದರು. ಊಟ ಎಷ್ಟು ಹೋಯಿತು. "ಊಟ ಆಯ್ತು" ಅಂತ ಬರೆದರೆ ಏನೂ ತಿಳಿಯುವುದಿಲ್ಲ. "ರಾಗಿ ಗಂಜಿ ಅರ್ಧ ಲೋಟ, ಮಿಕ್ಕಿದ್ದು ಬೇಡ ಅಂದ್ರು" ಅಂತ ಬರೆಯಬೇಕು. ನೀರು ಎಷ್ಟು, ಮೂತ್ರದ ಬಣ್ಣ, ಮೋಷನ್ ಆಯಿತಾ, ಮಾತ್ರೆ, ರಾತ್ರಿ ನಿದ್ದೆ. ಬರೆದವರ ಹೆಸರು. ಓದು ಬರಹ ಕಡಿಮೆ ಇದ್ದರೆ ಟಿಕ್ ಹಾಕುವ ಹಾಗೆ ನೀವೇ ಗೆರೆ ಎಳೆದು ಕೊಡಿ.

ಪುಸ್ತಕವನ್ನು ಮನೆಯ ಸಾಮಾನಿನ ಜೊತೆ ತಾಳೆ ಹಾಕಿ. ದಿನಕ್ಕೆ ನಾಲ್ಕು ಡೈಪರ್ ಬದಲಾಯಿಸಿದೆ ಅಂತ ಬರೆದಿದ್ದರೆ ಹತ್ತರ ಪ್ಯಾಕೆಟ್ ಎರಡೂವರೆ ದಿನಕ್ಕೆ ಮುಗಿಯಬೇಕು. ಮಾತ್ರೆ ಸ್ಟ್ರಿಪ್ ಎಣಿಸಿ. ಕೈ ತೊಳೆಯುವ ಸೋಪು ಕರಗುತ್ತಿದೆಯಾ ನೋಡಿ. ಇದು ಅನುಮಾನದ ಬುದ್ಧಿ ಅಂತ ಯಾರಾದರೂ ಅಂದರೆ ಅನ್ನಲಿ.

ಊಟ ಸರಿಯಾಗಿ ಮಾಡಿಸುತ್ತಿದ್ದಾರಾ ಅಂತ ಹೇಗೆ ತಿಳಿಯುವುದು?

ತೂಕ. ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದರೆ, ಅಂದರೆ 50 ಕೆಜಿ ಇದ್ದವರು ಎರಡೂವರೆ ಕೆಜಿ ಇಳಿದರೆ, ಡಾಕ್ಟರಿಗೆ ಹೇಳಲೇಬೇಕು. ನಿಲ್ಲಲಾಗದವರಿಗೆ ತೋಳಿನ ಮಧ್ಯದ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡಿ.

ಊಟದ ಹೊತ್ತಿಗೆ ಒಂದು ದಿನ ಸುಮ್ಮನೆ ಕೂತು ನೋಡಿ. ನೇರವಾಗಿ ಕೂರಿಸಿದ್ದಾರಾ? ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡುತ್ತಾರಾ? ಲಕ್ವ ಆದವರಲ್ಲಿ ಅನ್ನ ಕೆನ್ನೆಯ ಒಳಗೆ ಉಳಿದುಬಿಡುತ್ತದೆ, ಊಟ ಆದ ಮೇಲೆ ಬಾಯಿ ನೋಡಬೇಕು. ಊಟ ಮಾಡುವಾಗ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ ಬಂದರೆ ಶ್ವಾಸಕೋಶಕ್ಕೆ ಹೋಗುತ್ತಿರಬಹುದು, ತಡಮಾಡಬೇಡಿ. ಮೂಗಿನ ಟ್ಯೂಬಿನಲ್ಲಿ ಕೊಡುವುದಾದರೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಕೊಟ್ಟ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ಅಷ್ಟರೊಳಗೆ ಮಲಗಿಸಿ ಡೈಪರ್ ಬದಲಾಯಿಸುವವರಿಗೆ ತರಬೇತಿ ಸಾಲದು.

ಕ್ಯಾಥೆಟರ್ ಇದ್ದರೆ ಯೂರಿನ್ ಬ್ಯಾಗ್ ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ಇರಬೇಕು, ನೆಲಕ್ಕೆ ತಾಗಬಾರದು.

ಮರೆವಿನ ಕಾಯಿಲೆ ಇದೆ. ಅವರ ಮಾತನ್ನು ನಂಬಬೇಕಾ?

"ಅವಳು ಹೊಡೀತಾಳೆ" ಅಂತ ಅಪ್ಪ ಹೇಳಿದರೆ ಮರೆವಿಗೆ ಹಾಕಿ ಬಿಡಬೇಡಿ. ನಿಜ ಇರಬಹುದು, ಇಲ್ಲದಿರಬಹುದು, ನೋಡುವುದಂತೂ ನಮ್ಮ ಕೆಲಸ. ಅಟೆಂಡರ್ ರೂಮಿಗೆ ಬಂದಾಗ ಅವರ ಮುಖ ನೋಡಿ. ಮೈ ಹಿಡಿಯಾಗುತ್ತದಾ? ಮಣಿಕಟ್ಟಿನಲ್ಲಿ ಕಟ್ಟಿದ ಗುರುತು, ತೋಳಿನಲ್ಲಿ ಬೆರಳೊತ್ತಿದ ಹಾಗೆ ಕಂದು ಕಲೆ ಇದೆಯಾ? ಹೊಸದಾಗಿ ಹಗಲೆಲ್ಲ ನಿದ್ದೆ ಮಾಡುತ್ತಿದ್ದರೆ ನಿದ್ದೆ ಮಾತ್ರೆ ಲೆಕ್ಕ ಹಾಕಿ. ಕೈ ಕಟ್ಟುವುದು, ಡಾಕ್ಟರ್ ಹೇಳದೆ ನಿದ್ದೆ ಬರಿಸುವುದು ಎರಡೂ ಆರೈಕೆ ಅಲ್ಲ, ಹಿಂಸೆ.

ಅಮ್ಮನಿಗೆ ಬಂದವರು ಹಿಡಿಸಿಲ್ಲ. ಆದರೆ ಕೆಲಸ ಚೆನ್ನಾಗಿದೆ. ಏನು ಮಾಡುವುದು?

ಯಾಕೆ ಅಂತ ಪತ್ತೆ ಮಾಡಿ. ಸಣ್ಣ ಕಾರಣ ಇರುತ್ತದೆ, ಅವರಿಗೆ ಅದು ಸಣ್ಣದಲ್ಲ. ನಮ್ಮಮ್ಮ ಒಬ್ಬರು ಬಂದರೆ ಸಾಕು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಸ್ಪಂಜ್ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ, ಮೈಮೇಲೆ ಟವೆಲ್ ಹೊದಿಸುತ್ತಿರಲಿಲ್ಲ. ಮೈ ಸ್ವಚ್ಛವಾಗಿಯೇ ಇತ್ತು. ಮರ್ಯಾದೆ ಇರಲಿಲ್ಲ.

ಆಮೇಲೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಮುಟ್ಟುವ ಮುಂಚೆ ಹೇಳುತ್ತಿದ್ದರು, "ಅವ್ವಾರ, ಈಗ ಈ ಮಗ್ಗಲಾ ಹೊಳ್ಳಸ್ತೀನ್ರಿ" ಅಂತ. ತಲೆ ಬಾಚಿ, ಜಡೆ ಹೆಣೆದು, ಕನ್ನಡಿ ಹಿಡಿದು "ಕುಂಕುಮ ಇಷ್ಟ್ ಸಾಕೇನ್ರಿ?" ಅಂತ ಕೇಳುವರು. ಅಮ್ಮ ಬಲಗೈ ಬೆರಳಲ್ಲಿ ಇನ್ನೊಂಚೂರು ದೊಡ್ಡದು ಅಂತ ತೋರಿಸುವರು. ನಾನು ಮಗಳಾಗಿ ಎರಡು ವರ್ಷ ಅದನ್ನು ಕೇಳಿರಲಿಲ್ಲ.

24 ಗಂಟೆಗೆ ಒಬ್ಬರೇ ಸಾಕಾ?

ರಾತ್ರಿ ಪೂರ್ತಿ ಮಲಗುವ ಪೇಷೆಂಟ್ ಆದರೆ ನಡೆಯಬಹುದು. ರಾತ್ರಿಯೂ ತಿರುಗಿಸಬೇಕು, ಸಕ್ಷನ್ (ಗಂಟಲಿನ ಕಫ ಮಷೀನಿನಿಂದ ತೆಗೆಯುವುದು) ಮಾಡಬೇಕು, ಎದ್ದು ಓಡುವ ಮರೆವಿನವರನ್ನು ಹಿಡಿಯಬೇಕು ಅಂದರೆ ಒಬ್ಬರಿಂದ ಆಗುವುದಿಲ್ಲ. ನಾಲ್ಕು ದಿನ ಮಾಡುತ್ತಾರೆ, ಐದನೇ ದಿನ ಅವರೂ ನಿದ್ದೆ ಹೋಗುತ್ತಾರೆ. ಅದು ಅವರ ತಪ್ಪಲ್ಲ. ಎರಡು ಶಿಫ್ಟ್‌ಗೆ ಹಣ ಸಾಲದಿದ್ದರೆ ಮನೆಯವರು ಸರದಿ ಹಾಕಿಕೊಳ್ಳಿ, ನಾವು ಹಾಗೇ ಮಾಡಿದ್ದು. ಬಂದವರಿಗೆ ಮಲಗಲು ಮಂಚ, ಬಿಸಿ ಊಟ, ವಾರಕ್ಕೊಂದು ರಜೆ ಕೊಡಿ. ಉಳಿದ ತಂಗಳು ಹಾಕಿ, ನೆಲದ ಮೇಲೆ ಮಲಗಿಸಿ, ಅಮ್ಮನನ್ನು ಪ್ರೀತಿಯಿಂದ ನೋಡಿಕೋ ಅನ್ನುವ ಮನೆಗಳಿವೆ. ಪಾತ್ರೆ, ಬಟ್ಟೆ, ಮೊಮ್ಮಗುವಿನ ಟಿಫಿನ್ ಬಾಕ್ಸ್ ಎಲ್ಲ ಅವರಿಗೇ ಹೊರಿಸಿದರೆ ಎರಡು ಗಂಟೆಗೊಮ್ಮೆ ತಿರುಗಿಸುವವರು ಯಾರು?

ಸಿಸಿ ಕ್ಯಾಮೆರಾ ಹಾಕಿದರೆ ಸಾಕಲ್ವಾ? ನಾವು ವಿದೇಶದಲ್ಲಿದ್ದೇವೆ.

ಹಾಕಿ, ಅಟೆಂಡರ್‌ಗೆ ಹೇಳಿ ಹಾಕಿ. ಬಚ್ಚಲಲ್ಲಿ ಬೇಡ. ಬಟ್ಟೆ ಬದಲಾಯಿಸುವ ಕಡೆಗೆ ತಿರುಗಿಸಬೇಡಿ, ಫೋನಿನಲ್ಲಿ ಅದನ್ನು ಎಷ್ಟು ಜನ ನೋಡುತ್ತಾರೆ ಅಂತ ಯೋಚಿಸಿ. ಕ್ಯಾಮೆರಾಗೆ ಹೊದಿಕೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಸಾಕ್ಸ್ ಒಳಗಿನ ಹಿಮ್ಮಡಿ ಕಾಣುವುದಿಲ್ಲ, ವಾಸನೆಯಂತೂ ಬರುವುದೇ ಇಲ್ಲ. ಅದಕ್ಕೆ ಊರಲ್ಲಿ ಒಬ್ಬರು ಬೇಕು. ಚಿಕ್ಕಮ್ಮನೋ, ಪಕ್ಕದ ಮನೆಯವರೋ, ಹಣ ಕೊಟ್ಟು ಹದಿನೈದು ದಿನಕ್ಕೊಮ್ಮೆ ಕರೆಸುವ ಬೇರೆ ಕಡೆಯ ನರ್ಸೋ. ಮೊದಲೇ ಹೇಳದೆ ಬರಬೇಕು. ಮಧ್ಯಾಹ್ನ 3 ಗಂಟೆಗೆ ಒಂದು ಸಲ, ಬೆಳಿಗ್ಗೆ ಆರಕ್ಕೆ ಒಂದು ಸಲ. ವಿಡಿಯೋ ಕಾಲ್ ಮಾಡಿದಾಗ "ಹೇಗಿದ್ದೀರ" ಅಂತ ಕೇಳುವ ಬದಲು ಅಮ್ಮನ ಕೈ, ಕಾಲು ತೋರಿಸಿ ಅಂತ ಕೇಳಿ.

ತಿಂಗಳಿಗೊಬ್ಬರು ಬದಲಾಗುತ್ತಿದ್ದಾರೆ. ಇದು ಮಾಮೂಲಾ?

ಮಾಮೂಲು, ಆದರೆ ಒಳ್ಳೆಯದಲ್ಲ. ಹೊಸಬರು ಬಂದಾಗಲೆಲ್ಲ ಬಚ್ಚಲಿಗೆ ನಡೆಸುವ ರೀತಿ, ನುಂಗುವ ರೀತಿ ಎಲ್ಲ ಮೊದಲಿಂದ ಕಲಿಯಬೇಕು. ಬೀಳುವುದು, ಔಷಧಿ ತಪ್ಪುವುದು ಆಗಲೇ.

ಹಿಂಸೆ ಅಂತ ಅನುಮಾನ ಬಂದರೆ? ಏಜೆನ್ಸಿ ಮೇಲೆ ದೂರು ಎಲ್ಲಿ ಕೊಡುವುದು?

ಮೊದಲು ಪೇಷೆಂಟನ್ನು ಆ ಅಟೆಂಡರ್ ಕೈಯಿಂದ ಬಿಡಿಸಿ. ಗಾಯದ ಫೋಟೊ ತೆಗೆದು, ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಿ. ತುರ್ತಿದ್ದರೆ 112. ಹಿರಿಯರ ವಿಷಯಕ್ಕೆ ಎಲ್ಡರ್‌ಲೈನ್ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಿನಲ್ಲಿ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಅವರೂ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ 1090 ಇದೆ. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಇರುವವರು ಅವರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ 2007ರ ಕಾಯ್ದೆಯಲ್ಲಿ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಪೇಷೆಂಟ್ ಅಂಗವಿಕಲರಾದರೆ, ವಯಸ್ಸು ಎಷ್ಟೇ ಇರಲಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ತಮ್ಮ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಊಟ, ನೀರು ಕೊಡದಿದ್ದರೆ ಅದರಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು ಇದೆ.

ಹಣ ತೆಗೆದುಕೊಂಡು ಸೇವೆ ಸರಿಯಾಗಿ ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 2 ವರ್ಷದೊಳಗೆ ಹೋಗಬೇಕು, 5 ಲಕ್ಷದವರೆಗಿನ ಸೇವೆಯಾದರೆ ಶುಲ್ಕ ಇಲ್ಲ. ಅದಕ್ಕೆ ಬಿಲ್ ಬೇಕು. ಕ್ಯಾಷ್ ಕೊಟ್ಟು ಸುಮ್ಮನಾಗಬೇಡಿ, ವಾಟ್ಸಾಪ್ ಮೆಸೇಜ್ ಅಳಿಸಬೇಡಿ.

ಏಜೆನ್ಸಿ ಬದಲಾಯಿಸುವ ದಿನ ಏನು ಮಾಡಬೇಕು?

ಸಾಧ್ಯವಾದರೆ ಹಳಬರೂ ಹೊಸಬರೂ ಒಂದು ದಿನ ಒಟ್ಟಿಗೆ ಇರಲಿ. ಆ ಒಂದು ದಿನದ ಎರಡು ಸಂಬಳ ಕೊಟ್ಟರೂ ನಷ್ಟ ಇಲ್ಲ. ಹೊಸಬರು ಒಳಗೆ ಬಂದ ಕೂಡಲೇ ಅವರನ್ನೂ ಜೊತೆಗೆ ನಿಲ್ಲಿಸಿಕೊಂಡು ಮೈ ಪೂರ್ತಿ ನೋಡಿ. ಇರುವ ಗಾಯ, ಕಲೆಗಳನ್ನು ಮಾತ್ರ, ಮುಖ ಬಾರದ ಹಾಗೆ, ದಿನಾಂಕ ಹಾಕಿ ಫೋಟೊ ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅದನ್ನೇ ಬರೆದು ಇಬ್ಬರೂ ಸಹಿ ಹಾಕಿ. ಹುಣ್ಣು ಯಾರ ಕಾಲದಲ್ಲಿ ಬಂತು ಅಂತ ಆಮೇಲೆ ಜಗಳ ಆಡುವ ಪ್ರಮೇಯ ಇರುವುದಿಲ್ಲ. ಹಳೇ ನೋಟ್‌ಬುಕ್ ಮಾತ್ರ ಏಜೆನ್ಸಿಗೆ ಕೊಡಬೇಡಿ. ಅವರಿಗೆ ಜೆರಾಕ್ಸ್ ಕೊಡಿ.